ಸೈಲಸ್ ಹೋರಾಕ್ಸನ ಆರು ವ್ಯಾಗನ್‌ಗಳು

"ಅದನ್ನ ಬೋರಲು ಹಾಕ್ಬೇಡಿ," ಎಂದಳು ಎನಿಡ್ ಪಿಲ್ಲಿಂಗ್. "ನೋಡೋದಿದ್ರೆ ಮೇಲಿಂದ ನೋಡಿ. ಯಾವ ಕಂಪನಿ ಕಿಟ್ಟು ಅಂತ ಮಾತ್ರ ಬಾಯಿಬಿಟ್ಟು ಹೇಳ್ಬೇಡಿ."

ಲಯನೆಲ್ ಗಾರ್ಸೈಡ್ ನಕ್ಕ. ನಗುತ್ತಲೇ ಆ ಪುಟ್ಟ ಮಾದರಿ ರೈಲಿನ ವ್ಯಾಗನ್ನನ್ನು ಎರಡು ಬೆರಳಲ್ಲಿ ಎತ್ತಿ ಅಂಗೈ ಮೇಲೆ ಬೋರಲು ಹಾಕಿದ.

"ವ್ಯಾಗನ್‌ನ ಹುಟ್ಟುಗುಟ್ಟೆಲ್ಲ ಇರೋದೇ ಹೊಟ್ಟೆ ಕೆಳಗೆ, ಮಿಸೆಸ್ ಪಿಲ್ಲಿಂಗ್. ಬೋರಲು ಹಾಕ್ದೆ ಗುರುತಿಸು ಅನ್ನೋದು, ಬಾಯಿ ತೆಗೀದೆ ಹಲ್ಲು ಕೀಳು ಅಂದ ಹಾಗೆ."

ಅಷ್ಟರಲ್ಲಿ ವಾಸನೆ ಮೇಲೆದ್ದಿತು. ಇಡೀ ವ್ಯಾಗನ್ ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಅಷ್ಟೆ. ಆದರೆ ಅದರ ಅಡಿಯಿಂದ ಬಂದ ನಾತ ಒಂದು ಕಸಾಯಿಖಾನೆಗೆ ಸಾಕಾಗುವಷ್ಟಿತ್ತು. ಬೇಯಿಸಿ ಬೇಯಿಸಿ ತಣಿದ ಎಲುಬಿನ ನಾತ, ಅದರೊಳಗೆ ಯಾರದೋ ಕೊಳೆತ ಹಲ್ಲಿನ ಬಾಯಿಯ ಉಸಿರು. ಲಯನೆಲ್ ಮುಖ ಕಿವಿಚಿದ. ಕೆಳಗಿಡಲಿಲ್ಲ.

ಹಾರ್ಕ್‌ಲೀ ಮಾದರಿ ರೈಲು ಸಂಘದ ವರ್ಷದ ಪ್ರದರ್ಶನ ಅದು. ನವೆಂಬರಿನ ಶನಿವಾರ, ಸಂಜೆ ನಾಲ್ಕಕ್ಕೇ ಹೊರಗೆ ಕತ್ತಲೆ. ಹಳೆಯ ಪ್ರಾರ್ಥನಾಮಂದಿರದ ಸಭಾಂಗಣದಲ್ಲಿ ಮೇಜಿನ ಮೇಲೆ ಪುಟ್ಟ ರೈಲುಗಳು ಗಿರಗಿರ ಓಡುತ್ತಿದ್ದವು. ಹಿಂದಿನ ಉಗ್ರಾಣದಲ್ಲಿ ಒಂದೇ ಒಂದು ಬಲ್ಬು, ಗೋಡೆ ತುಂಬ ಬೂಷ್ಟು. ಆ ತಗಡಿನ ಡಬ್ಬಿ ಅಲ್ಲೇ, ಮೇಲಿನ ಕಪಾಟಿನಲ್ಲಿ, ಹಳೆಯ ಪರದೆಯ ಹಿಂದೆ ಲಯನೆಲ್‌ಗೆ ಸಿಕ್ಕಿತ್ತು. ಒಳಗೆ ಆರು ವ್ಯಾಗನ್. ಐದು ಖಾಲಿ. ಒಂದರ ತಳದಲ್ಲಿ ಮಾತ್ರ ಒಣಗಿ ಸುರುಟಿದ ಚರ್ಮದಂಥ ಕರಿ ಚೂರೊಂದು ಅಂಟಿಕೊಂಡಿತ್ತು. ಸರಕಿನ ನಕಲಿರಬೇಕೆಂದುಕೊಂಡ.

ಲಯನೆಲ್ ಸಂಘಕ್ಕೆ ಬಂದು ಎರಡೇ ತಿಂಗಳು. ತೆಂಕಣದ ಊರಿನವನು, ಈ ಕಡೆಯವರ ಅಂಜಿಕೆಗಳೆಲ್ಲ ಅವನಿಗೆ ತಮಾಷೆ. ಆದರೆ ಅವನ ಹೆಸರು ಅವನಿಗಿಂತ ಮೊದಲೇ ಬಂದಿತ್ತು. ತೀರಿಕೊಂಡ ಅಜ್ಜನ ಅಟ್ಟದಿಂದ ಹೆಸರಿಲ್ಲದ, ಡಬ್ಬಿಯಿಲ್ಲದ ಹಳೇ ವ್ಯಾಗನ್ ಯಾರೇ ತಂದುಕೊಟ್ಟರೂ ಸರಿ, ಒಂದು ನಿಮಿಷದಲ್ಲಿ ಯಾವ ಕಂಪನಿ ಬಿಡಿಭಾಗಗಳಾಗಿ ಮಾರಿದ ಕಿಟ್ಟು, ಯಾವ ವರ್ಷದ್ದು, ಜೋಡಿಸಿದವನು ಎಡಚನೋ ಬಲಚನೋ ಎಲ್ಲ ಹೇಳಿಬಿಡುವನು. ಅವನ ಆಸ್ತಿ ಎಂದರೆ ನಾಲಿಗೆ. ಚೀಟಿ ನೋಡದೆ ಎರಡು ಗಂಟೆ ಮಾತಾಡಬಲ್ಲ ಆ ನಾಲಿಗೆಗಾಗಿ ಊರೂರ ಸಂಘಗಳು ಕರೆ ಕಳಿಸುತ್ತಿದ್ದವು. ಕೊನೆಗೊಂದು ಆಟ ಬೇರೆ ಇತ್ತು: ವ್ಯಾಗನ್ನಿನ ಅಡಿಗೆ ನಾಲಿಗೆಯ ತುದಿ ತಾಗಿಸಿ, "ಸೀಸ", "ಮರ", "ಹಳೇ ಪ್ಲಾಸ್ಟಿಕ್ಕು" ಎಂದು ರುಚಿಯಿಂದಲೇ ಹೇಳುವುದು. ಜನ ಅಸಹ್ಯಪಟ್ಟುಕೊಂಡೇ ಚಪ್ಪಾಳೆ ತಟ್ಟುತ್ತಿದ್ದರು.

ನಲವತ್ತು ವರ್ಷ ಕೂಡಿಸಿದ ಅವನ ಪುಸ್ತಕ ಸೋಮವಾರ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಒಂದೇ ಪುಟ ಖಾಲಿ. ಹಾಲ್ಡೇನ್ ಸಹೋದರರು ಎಂಬ ಮುಚ್ಚಿಹೋದ ಕಂಪನಿ ಎಲುಬು ಸಾಗಿಸುವ ವ್ಯಾಗನ್ನಿನ ಕಿಟ್ ತರುವುದಾಗಿ ಒಮ್ಮೆ ಜಾಹೀರಾತು ಕೊಟ್ಟಿತ್ತು. ಅಂಥ ಕಿಟ್ಟನ್ನು ಕಣ್ಣಲ್ಲಿ ಕಂಡವರೇ ಇಲ್ಲ. ಅದು ಬಂದೇ ಬಂದಿತ್ತು ಎಂದು ಲಯನೆಲ್ ಇಪ್ಪತ್ತು ವರ್ಷ ಜಗಳವಾಡಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

"ಇವು ಎಲುಬು ಸಾಗಿಸೋ ವ್ಯಾಗನ್‌ಗಳೇ ತಾನೆ?" ಎಂದ. ಆಸೆಯಿಂದ ಇನ್ನೊಂದನ್ನೂ ಎತ್ತಿಕೊಂಡ.

"ಹೌದು. ನಮ್ಮ ಚಿಕ್ಕಪ್ಪ ಸೈಲಸ್ ಮಾಡಿದ್ದು. ಎಲುಬು ಬೇಯಿಸಿ ಅಂಟು ತೆಗೆಯೋ ಕಾರ್ಖಾನೇಲಿ ಕೆಲಸಕ್ಕಿದ್ದ. ಏಳು ವರ್ಷ ಕೂತು ಕೆತ್ತಿದ." ಎನಿಡ್ ಕೈಲಿದ್ದ ಟೀ ಪಾತ್ರೆಯನ್ನು ಕೆಳಗಿಟ್ಟಳು. "ಇದೇ ಸಭಾಂಗಣ, ಇದೇ ಪ್ರದರ್ಶನ. ಎಂಟ್ವಿಸಲ್ ಅಂತ ಒಬ್ಬ ತೀರ್ಪುಗಾರ ಬಂದಿದ್ದ. ಬೋರಲು ಹಾಕಿ ನೋಡಿ, ಜನರೆದುರಿಗೆ ಹೇಳಿಬಿಟ್ಟ: ಇದು ಕೈಕೆಲಸ ಅಲ್ಲ, ಅಂಗಡಿ ಕಿಟ್ಟು, ಈ ಮನುಷ್ಯ ಸುಳ್ಳುಗಾರ ಅಂತ. ಎಲ್ರೂ ನಕ್ರು. ನಮ್ಮಪ್ಪನೂ ನಕ್ಕ."

"ಆಮೇಲೆ?"

"ಚಿಕ್ಕಪ್ಪ ಮೂರು ದಿನ ಒಲೆ ಆರಿಸ್ಲಿಲ್ಲ. ತನ್ನ ಹಲ್ಲು ತಾನೇ ಕಿತ್ಕೊಂಡು, ಕೂದಲು, ಉಗುಳು, ರಕ್ತ ಎಲ್ಲ ಹಾಕಿ ಅಂಟು ಕಾಯಿಸಿದ. ಆರರ ಅಡಿಗೂ ಬಳಿದ. ಬಳೀತಾ ಬಳೀತಾ ಏನ್ ಹೇಳ್ದ ಗೊತ್ತಾ? ನನ್ನ ಕೈಕೆಲಸಾನ ಇನ್ನೊಬ್ರದ್ದು ಅನ್ನೋ ನಾಲಿಗೆ ನಂದಾಗ್ಲಿ, ಅಂತ. ಎಂಟ್ವಿಸಲ್ ವಾರದೊಳಗೆ ಸತ್ತ. ಬಾಯಿ ತೆಗೆಸೋಕೆ ಡಾಕ್ಟರ್ ಕೈಲೂ ಆಗ್ಲಿಲ್ವಂತೆ."

"ಒಳ್ಳೆ ಅಂಟು," ಎಂದ ಲಯನೆಲ್. "ನನ್ನ ಹೆಂಡ್ತಿಗೂ ಒಂದು ಡಬ್ಬಿ ಕೊಡಿ."

ಎನಿಡ್ ನಗಲಿಲ್ಲ. "ಎಲುಬಿಲ್ಲದ ನಾಲಿಗೆ ಅಂತ ಹೇಗ್ ಬೇಕಾದ್ರೂ ಹೊರಳಿಸ್ಬೇಡಿ ಮಾರಾಯ್ರೆ," ಎಂದು ಟೀ ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಒಬ್ಬನೇ ಉಳಿದ. ಆರನ್ನೂ ಸಾಲಾಗಿ ಬೋರಲು ಹಾಕಿ ಭೂತಗನ್ನಡಿ ಹಿಡಿದ. ಆರೂ ಒಂದೇ ಸಮ, ಕೂದಲೆಳೆ ವ್ಯತ್ಯಾಸವಿಲ್ಲ. ಅಚ್ಚಿನಲ್ಲಿ ಹೊಯ್ಯದೆ ಇಷ್ಟು ಒಂದೇ ಸಮ ಬರಲು ಸಾಧ್ಯವೇ? ಎದೆ ಹಿಗ್ಗಿತು. ಸೂಜಿ ಕಾಯಿಸಿ ಮೂಲೆಗೆ ಚುಚ್ಚಿದ. ಸುಟ್ಟ ಉಗುರಿನ ಕಮಟು ಹೊಗೆ ಮೂಗಿಗೆ ಹೊಡೆಯಿತು. ಪ್ಲಾಸ್ಟಿಕ್ ಅಲ್ಲ, ಸೀಸ ಅಲ್ಲ. ನಾಲಿಗೆಯ ತುದಿ ತಾಗಿಸಿದ. ಅದು ಮೆಲ್ಲಗೆ ಹಿಡಿದುಕೊಂಡಿತು, ಚಿಟಕ್ಕೆಂದು ಬಿಟ್ಟಿತು.

ಎಲುಬು. ಎಲುಬು ಮಾತ್ರ ಹಾಗೆ ನಾಲಿಗೆಯನ್ನು ಹೀರಿ ಹಿಡಿಯುತ್ತದೆ. ಎಲುಬನ್ನು ಅಚ್ಚಿಗೆ ಹೊಯ್ಯಲು ಬರುವುದಿಲ್ಲ. ಮತ್ತೆ ಭೂತಗನ್ನಡಿ ಹಿಡಿದರೆ, ಹಲಗೆ ಹಲಗೆಯ ಅಂಚಲ್ಲೂ ಚಾಕುವಿನ ಸಣ್ಣ ಗೀರುಗಳು ಕಂಡವು. ಏಳು ವರ್ಷದ ಗೀರುಗಳು. ಇದು ಯಾವ ಕಿಟ್ಟೂ ಅಲ್ಲ. ಒಬ್ಬ ಮನುಷ್ಯ ಕೂತು ಕೆತ್ತಿದ್ದು. ಲಯನೆಲ್‌ಗೆ ಅದು ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಆದರೆ ಸೋಮವಾರ ಪುಸ್ತಕ. ಒಂದು ಖಾಲಿ ಪುಟ. ಸೈಲಸ್ ಸತ್ತು ಮಣ್ಣಾಗಿ ಎಷ್ಟೋ ಕಾಲವಾಗಿತ್ತು.

ಸಭಾಂಗಣಕ್ಕೆ ಹೋಗಿ ಮೈಕು ಹಿಡಿದ. "ಮಹನೀಯರೇ, ಮಹಿಳೆಯರೇ, ಇಪ್ಪತ್ತು ವರ್ಷ ನನ್ನನ್ನ ಹುಚ್ಚ ಅಂದ್ರಲ್ಲ? ಇಗೋ ನೋಡಿ. ಹಾಲ್ಡೇನ್ ಸಹೋದರರ ಎಲುಬು ಸಾಗಿಸೋ ವ್ಯಾಗನ್! ಅಂಗಡಿ ಕಿಟ್ಟು, ಅಪ್ಪಟ!"

ಚಪ್ಪಾಳೆ ಬಿತ್ತು. ಎನಿಡ್ ಕೈಯಿಂದ ಬಸಿಯೊಂದು ಜಾರಿ ನೆಲಕ್ಕೆ ಬಿದ್ದು ಚೂರಾಯಿತು.

"ಖಾತ್ರಿನಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಖಾತ್ರಿನಾ ಅಂತೆ!" ಎಂದು ನಕ್ಕು, ಎಂದಿನ ಆಟದಂತೆ ಲಯನೆಲ್ ನಾಲಿಗೆ ಚಾಚಿ ವ್ಯಾಗನ್ನಿನ ಅಡಿಗೆ ತಾಗಿಸಿದ.

ಅದು ಬಿಡಲಿಲ್ಲ.

ಎಳೆದ. ನಾಲಿಗೆಯೇ ಉದ್ದವಾಯಿತು. ಕೈ ಬಿಟ್ಟ. ವ್ಯಾಗನ್ ನಾಲಿಗೆಯಿಂದ ಜೋತುಬಿದ್ದು ತೂಗಾಡಿತು, ಅದರ ಪುಟ್ಟ ಗಾಲಿಗಳು ಟಿಕಿಟಿಕಿ ತಿರುಗಿದವು. ಜನ ಗೊಳ್ಳೆಂದು ನಕ್ಕರು, ಇದೂ ಆಟವೆಂದುಕೊಂಡು. ಆಮೇಲೆ ಅಂಟು ಕರಗತೊಡಗಿತು. ಬೆಚ್ಚಗೆ, ಮಂದವಾಗಿ, ಸಿಹಿಸಿಹಿಯಾಗಿ ನಾಲಿಗೆಯ ಮೇಲೆ ಹರಿದು ಒಳಗೆ ಇಳಿಯಿತು. ಅದರಲ್ಲಿ ಕೂದಲಿತ್ತು. ಬೇರೆಯವನ ಕೂದಲು, ಬೇರೆಯವನ ಉಗುಳು, ಗಂಟಲ ತಿರುವಿನಲ್ಲಿ ಸಿಕ್ಕಿಕೊಂಡ ಚೂಪಾದ ಹಲ್ಲಿನ ಚೂರು. ಅವನ ಬಾಯಿಂದ ನಾತ ಎದ್ದು ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಯಾರೋ ವಾಂತಿ ಮಾಡಿಕೊಂಡರು. ನಗು ನಿಂತಿತು.

ಎನಿಡ್ ಅವನ ರಟ್ಟೆ ಹಿಡಿದು ಉಗ್ರಾಣಕ್ಕೆ ಎಳೆದೊಯ್ದು ಬಾಗಿಲು ಹಾಕಿದಳು. ಬಿಸಿನೀರಿಗೆ ಎಲುಬಿನ ಅಂಟು ಬಿಡುತ್ತದೆ ಎಂದು ಆ ಊರಲ್ಲಿ ಎಲ್ಲರಿಗೂ ಗೊತ್ತು. ಟೀ ಕೆಟಲಿನ ನೀರು ಹೊಯ್ದಳು. ಬಿಡಲಿಲ್ಲ. ಕೆರಳಿತು. ಬಾಯಿ ತುಂಬ ನೊರೆನೊರೆಯಾಗಿ ಉಕ್ಕಿ, ಮೂಗಿನ ಹೊಳ್ಳೆಯಿಂದ ಕಂದು ಬಣ್ಣದ ಲೋಳೆಯಾಗಿ ಇಳಿದು, ಇಳಿದಲ್ಲೇ ಗಟ್ಟಿಯಾಯಿತು.

"ಗೊತ್ತಿದ್ದೂ ಹೇಳಿದ್ರಾ?" ಎಂದು ಪಿಸುಗುಟ್ಟಿದಳು. "ಅವನ ಕೈಕೆಲಸ ಅಂತ ಗೊತ್ತಿದ್ದೂನೂ?"

ಲಯನೆಲ್ ಹೌದೆಂದು ತಲೆಯಾಡಿಸಿದ. ಕಣ್ಣಲ್ಲಿ ನೀರು. ಜೇಬಿನಿಂದ ಪೆನ್ನು ತೆಗೆದು ಗೋಡೆಯ ಮೇಲೆ ಸೈಲಸ್‌ನ ಹೆಸರು ಬರೆದ.

"ಬರೆದ್ರೆ ಆಗಲ್ಲ! ಸುಳ್ಳಾಡಿದ್ದು ಕೈಯಲ್ಲ. ನಾಲಿಗೇಲಿ ಹೇಳ್ರೀ, ಹೇಳಿ!"

ಹೇಗೆ ಹೇಳುವುದು? ಮೂಗಿನ ಒಂದು ಹೊಳ್ಳೆ ಮುಚ್ಚಿತು. ಇನ್ನೊಂದೂ ಮುಚ್ಚಿತು. ಉಸಿರಿಲ್ಲ. ಎದೆ ಬಡಿದುಕೊಂಡಿತು. ಡಬ್ಬಿಯೊಳಗೆ ಉಳಿದ ಐದೂ ವ್ಯಾಗನ್ ಅಲುಗಿದವು. ಟಿಕಿಟಿಕಿ. ಟಿಕಿಟಿಕಿ. ಬಲ್ಬು ಮಸುಕಾಯಿತು. ಕಿವಿಯ ಹತ್ತಿರ ಯಾರೋ ಉಸಿರುಬಿಟ್ಟರು. ಕೊಳೆತ ಹಲ್ಲಿನ ಉಸಿರು. ಕತ್ತಲೆ ಬಂತು. ವ್ಯಾಗನ್ನನ್ನು ಎರಡೂ ಕೈಯಲ್ಲಿ ಹಿಡಿದ. ಕಣ್ಣು ಮುಚ್ಚಿದ. ಎಳೆದ. ಚರ್ಮ ಬಿಟ್ಟಿತು. ಇನ್ನೂ ಎಳೆದ. ಹಸಿ ಬಟ್ಟೆ ಹರಿದ ಸದ್ದು.

ಬಾಯಿಂದ ರಕ್ತ ಬಂತು. ರಕ್ತದ ಜೊತೆಗೆ ಮಾತು ಬಂತು.

"ಸೈಲಸ್ ಹೋರಾಕ್ಸ್!"

ಅಂಟು ನೀರಾಗಿ ಇಳಿದುಹೋಯಿತು. ವ್ಯಾಗನ್ ಕೈಯಿಂದ ಬಿದ್ದು, ಗಾಲಿಗಳ ಮೇಲೆ ನೆಟ್ಟಗೆ ನಿಂತಿತು.

ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು. ತುದಿ ಹೋದರೂ ಮಾತು ಬರುತ್ತದೆ, ಸ್ವಲ್ಪ ತೊದಲಬಹುದು ಅಷ್ಟೆ ಎಂದರು. ಲಯನೆಲ್ ಪುಸ್ತಕದ ಆ ಖಾಲಿ ಪುಟವನ್ನು ತನ್ನ ಕೈಯಾರೆ ತೆಗೆದುಹಾಕಿ ಅಚ್ಚಿಗೆ ಕಳಿಸಿದ. ಹೊಲಿಗೆ ಬಿಚ್ಚಿದ ಬೆಳಿಗ್ಗೆ ಹೆಂಡತಿ, "ಟೀ ಬೇಕಾ?" ಎಂದು ಕೇಳಿದಳು. ಬೇಕು ಎನ್ನಲು ಬಾಯಿ ತೆರೆದ. ತೊದಲಲೇ ಇಲ್ಲ. ಸ್ಪಷ್ಟವಾಗಿ ಒಂದೇ ಮಾತು ಬಂತು, ಬೇಕು ಎಂಬುದಲ್ಲ. ಅದರ ಹಿಂದೆಯೇ ಬೆಂದ ಎಲುಬಿನ ನಾತ ಬಂತು. ಅವಳು ಬಟ್ಟಲನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ತಿಂಗಳೊಳಗೆ ತಂಗಿಯ ಮನೆಗೇ ಹೋದಳು. ಯಾರು ತಾನೆ ಸಹಿಸಿಯಾರು?

ವಸಂತದಲ್ಲಿ ಒಂದು ಮಧ್ಯಾಹ್ನ ಅವನು ಉಗ್ರಾಣಕ್ಕೆ ಬಂದು ಡಬ್ಬಿಯತ್ತ ಕೈ ತೋರಿಸಿದ. ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣವಿತ್ತು. ಎನಿಡ್ ಮುಚ್ಚಳ ತೆಗೆದಳು. ಆರು ವ್ಯಾಗನ್ ಸಾಲಾಗಿ ನಿಂತಿದ್ದವು. ಮೊದಲಿನದರಲ್ಲಿ ಆ ಹಳೆಯ ಕರಿ ಚೂರು. ಎರಡನೆಯದರಲ್ಲಿ ಹೊಸದೊಂದು, ಅಂಚಿನಲ್ಲಿ ಇನ್ನೂ ಕೆಂಪು. ಅವನು ನೋಡುತ್ತಿದ್ದಂತೆಯೇ ಅದು ಒಮ್ಮೆ ಹೊರಳಿತು.

"ಇನ್ನೂ ನಾಲ್ಕು ಖಾಲಿ ಇವೆ," ಎಂದಳು ಎನಿಡ್. "ಸುಡೋಣ ಅಂತೀರಾ? ನಾನು ಬೇಡ ಅನ್ನಲ್ಲ. ಆದ್ರೆ ಇವು ನಿಮ್ಮವೂ ಅಲ್ಲ, ನನ್ನವೂ ಅಲ್ಲ. ಯಾರವು ಅಂತ ನೀವೇ ಹೇಳಿ."

ಸುಡು, ಈಗಲೇ ಸುಡು ಎಂದು ಕಿರುಚಲು ಲಯನೆಲ್ ಬಾಯಿ ತೆರೆದ.

"ಸೈಲಸ್ ಹೋರಾಕ್ಸ್," ಎಂದಿತು ಅವನ ನಾಲಿಗೆ.

ಎನಿಡ್ ಮೂಗು ಮುಚ್ಚಿಕೊಂಡು, ಡಬ್ಬಿಯನ್ನು ಮತ್ತೆ ಮೇಲಿಟ್ಟಳು.