ಬಾಲ ಮೂಡದ ಹಕ್ಕಿ

"ಈ ಹಕ್ಕಿಯ ಬಾಲ ಎಲ್ಲಿ ಹೋಯ್ತು ಅಂತ ಸ್ವಲ್ಪ ಹೇಳ್ತೀರಾ?"

ಅವಳು ತಾನು ಅಚ್ಚೊತ್ತಿದ್ದ ಇಪ್ಪತ್ಮೂರು ಕಾರ್ಡುಗಳನ್ನು ಅವನ ಮೇಜಿನ ಮೇಲೆ ಇಸ್ಪೀಟೆಲೆಗಳಂತೆ ಹರಡಿದಳು. ಒಂದೊಂದರಲ್ಲೂ ಕೊಂಬೆಯ ಮೇಲೆ ಕೂತ ಪುಟ್ಟ ಹಕ್ಕಿ. ಕೊಕ್ಕು ಚೂಪಾಗಿ ಮೂಡಿತ್ತು, ಕಣ್ಣು ಸ್ಪಷ್ಟವಾಗಿತ್ತು. ಬಾಲ ಇರಬೇಕಾದ ಮೂಲೆ ಮಾತ್ರ ಬೋಳು ಬೋಳು.

ರಬ್ಬರ್ ಅಚ್ಚು ಕೆತ್ತುವವನು ತಲೆ ಎತ್ತಿದ. ಅವನ ತೋಳಿನ ಮೇಲೆ, ಕೂದಲಲ್ಲಿ, ಹುಬ್ಬಿನ ಮೇಲೂ ರಬ್ಬರಿನ ಚೂರುಗಳಿದ್ದವು. ಜಗಳಕ್ಕೆಂದೇ ಸಜ್ಜಾಗಿ ಬಂದಿದ್ದ ಅವಳಿಗೆ ಆ ಹುಬ್ಬನ್ನು ನೋಡಿ ಒಂದು ಕ್ಷಣ ನಗು ಬಂತು. ತುಟಿ ಕಚ್ಚಿ ತಡೆದುಕೊಂಡಳು.

ಅವನು ತಾನೇ ಕೆತ್ತಿಕೊಟ್ಟಿದ್ದ ಅಚ್ಚನ್ನು ಅವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ಹಿಡಿದ. ಇಂಕ್ ಪ್ಯಾಡಿನಿಂದ ಅದರ ಮುಖವನ್ನು ಮೆಲ್ಲಗೆ ತಟ್ಟಿದ. ಕಾಗದದ ಮೇಲೆ ನೇರವಾಗಿ ಇಟ್ಟು, ಒತ್ತಿ, ಮೂರು ಎಣಿಸಿ, ನೇರವಾಗಿಯೇ ಎತ್ತಿದ.

ಹಕ್ಕಿ ಬಾಲಸಮೇತ ಕೂತಿತ್ತು.

"ಇಲ್ಲಿ ಬರ್ತಿದೆಯಲ್ಲ," ಎಂದ.

"ಹಾಗಾದ್ರೆ ತಪ್ಪು ನನ್ನ ಕೈದು ಅಂತೀರಾ?"

"ಹಾಗೆ ಹೇಳಲಿಲ್ಲ. ನೀವು ಹೇಗೆ ಒತ್ತುತ್ತೀರಿ ಅಂತ ನೋಡಬೇಕು."

ಅವಳು ಒತ್ತಿ ತೋರಿಸಿದಳು. ಅಚ್ಚನ್ನು ಪ್ಯಾಡಿನೊಳಗೆ ಅದುಮುವುದು, ಕಾಗದದ ಮೇಲೆ ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ವಾಲಿಸುವುದು ಅವಳ ಅಭ್ಯಾಸ. ಅದುಮಿದರೆ ಇಂಕು ಗೆರೆಗಳ ಸಂದಿಗೆ ಇಳಿಯುತ್ತದೆ, ವಾಲಿಸಿದರೆ ಅಂಚು ಮಸಿಯಾಗುತ್ತದೆ ಎಂದು ಅವನು ತಾಳ್ಮೆಯಿಂದ ಹೇಳಿದ. ಅವನು ಹೇಳಿದಂತೆ ಮಾಡಿದಾಗ ಅವಳ ಕೈಯಲ್ಲೂ ಬಾಲ ಮೂಡಿತು. ಕಾರ್ಡುಗಳನ್ನು ಬಾಚಿಕೊಂಡು, ಥ್ಯಾಂಕ್ಸ್ ಅನ್ನುವುದನ್ನೂ ಮರೆತು, ಅವಳು ಮನೆಗೆ ನಡೆದಳು.

ಮನೆಯಲ್ಲಿ ಅವನು ಹೇಳಿದ ಹಾಗೇ ತಟ್ಟಿದಳು, ನೇರವಾಗಿ ಒತ್ತಿದಳು, ಮೂರಲ್ಲ, ಐದು ಎಣಿಸಿದಳು. ಅಂಚು ಚೊಕ್ಕಟವಾಗಿ ಬಂತು. ಬಾಲ ಮಾತ್ರ ಬರಲಿಲ್ಲ.

ಮರುದಿನ ಮತ್ತೆ ಅವನ ಅಂಗಡಿಯ ಮುಂದೆ ನಿಂತಾಗ ಅವನೇ ಎದ್ದು ಬಾಗಿಲು ಹಾಕಿದ. "ನಡೀರಿ, ನಿಮ್ಮ ಮನೇಲೇ ನೋಡೋಣ."

ಅವಳ ಕೆಲಸದ ಮೇಜು ಅಪ್ಪನದು. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಮೂವತ್ತು ವರ್ಷ ಆ ಮೇಜಿನ ಒಂದೇ ಮಗ್ಗುಲಲ್ಲಿ ಕೂತು, ಪುಸ್ತಕದ ಬೆನ್ನನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಗುಂಡಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವಳು ಅದೇ ಮಗ್ಗುಲಲ್ಲಿ ಕೂತು ಕಾರ್ಡು ಮಾಡಲು ಶುರು ಮಾಡಿದ್ದಳು. ಅಪ್ಪ ಮೇಜಿನ ಮೇಲೆ ಮೊಳೆ ಹೊಡೆದು ಕೂರಿಸಿದ್ದ ಮರದ ಪಟ್ಟಿಗೆ ಒತ್ತಿಸಿಯೇ ಪ್ರತಿ ಕಾರ್ಡನ್ನೂ ಇಡುತ್ತಿದ್ದಳು. ಅದೊಂದು ಸಮಾಧಾನ.

ಅವನು ಮೇಜಿನ ಮೇಲೆ ಅಂಗೈ ಸವರಿಕೊಂಡು ಬಂದ. ಪಟ್ಟಿಯ ಹತ್ತಿರ ಕೈ ಒಮ್ಮೆ ನಿಂತಿತು. ಅದೇ ಹೊತ್ತಿಗೆ ಅವಳು, ಸುಮ್ಮನೆ ಏನೋ ನೆನಪಾದವಳ ಹಾಗೆ, ಹೇಳುತ್ತಿದ್ದಳು.

"ಈ ಮೇಜು ಸೊಟ್ಟ, ಮಾರಿಬಿಡೋಣ ಅಂದ ನಮ್ಮಣ್ಣ. ಮೂರು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ."

ಅವನು ಕೈ ತೆಗೆದ. ಕಿಟಕಿಯ ಕಡೆ ನೋಡಿದ.

"ಅಚ್ಚಿನಲ್ಲೇ ತಪ್ಪಿದೆ. ನನ್ನದೇ ತಪ್ಪು. ಬೇರೆ ಮಾಡಿಕೊಡ್ತೀನಿ," ಎಂದ.

ಮೂರನೇ ದಿನ ಹೊಸ ಅಚ್ಚು ಬಂತು. ಅದೇ ಕೊಂಬೆ, ಅದೇ ಹಕ್ಕಿ. ಒತ್ತಿದ ಮೊದಲ ಕಾರ್ಡಿನಲ್ಲೇ ಬಾಲ ಗರಿ ಗರಿಯಾಗಿ ಮೂಡಿತು! ಅವಳು ಹಳೆಯ ಅಚ್ಚನ್ನು ಡ್ರಾಯರಿನ ಮೂಲೆಗೆ ತಳ್ಳಿದಳು. ತಪ್ಪು ಒಪ್ಪಿಕೊಳ್ಳುವ ಗಂಡಸೂ ಇದ್ದಾನಲ್ಲ ಎಂದು ಮನಸ್ಸಿನಲ್ಲೇ ಅವನಿಗೆ ಒಂದು ಜಾಗ ಕೊಟ್ಟಳು.

ಆಮೇಲೆ ಅವನು ಒಂದಲ್ಲ ಒಂದು ನೆಪದಲ್ಲಿ ಬರತೊಡಗಿದ. ಇಂಕು ಒಣಗಿತೇ ಎಂದು ಒಮ್ಮೆ, ಅಚ್ಚು ಒರೆಸಲು ಮೆತ್ತನೆ ಬಟ್ಟೆ ತಂದೆ ಎಂದು ಇನ್ನೊಮ್ಮೆ. ಅವನ ಹೆಜ್ಜೆಯ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಅವಳು ಕೂದಲು ಸರಿಮಾಡಿಕೊಳ್ಳುತ್ತಿದ್ದಳು, ಅದು ತನಗೇ ಗೊತ್ತಾದಾಗ ಮತ್ತೆ ಕೆದರಿಕೊಳ್ಳುತ್ತಿದ್ದಳು. ಅಮ್ಮ ಇದನ್ನೆಲ್ಲ ನೋಡಿಯೂ ನೋಡದವಳಂತೆ ಇದ್ದಳು. ಒಂದು ದಿನ ಮಾತ್ರ ತಡೆಯಲಾಗಲಿಲ್ಲ.

"ಊರಲ್ಲಿ ಇರೋ ಇಂಕೆಲ್ಲ ನಮ್ಮನೇಲೇ ಒಣಗ್ತಿದೆಯೇನೇ?"

ಅವಳ ಕಿವಿ ಬಿಸಿಯಾಯಿತು.

ಆ ದಿನಗಳಲ್ಲೇ ಕರಕುಶಲ ಶಾಲೆಯಿಂದ ಕರೆ ಬಂತು. ಕಾಗದದ ಕೆಲಸ ಕಲಿಸಲು ಒಬ್ಬ ಶಿಕ್ಷಕಿ ಬೇಕಿತ್ತು. ಅವಳು ಎರಡು ವರ್ಷದಿಂದ ಆಸೆಪಟ್ಟು ಕಾದಿದ್ದ ಕೆಲಸ ಅದು. ಹದಿನೈದು ಜನರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು, ಅಷ್ಟೇ.

ಅವಳು ಹೊಸ ಅಚ್ಚನ್ನೇ ತೆಗೆದುಕೊಂಡು ಹೋದಳು. ಶಾಲೆಯ ಮೇಜು ಕನ್ನಡಿಯಷ್ಟು ಸಮವಾಗಿತ್ತು. "ಸಮವಾಗಿ ಒತ್ತಿದರೆ ಚಿತ್ರ ಸಮವಾಗಿ ಬರುತ್ತದೆ" ಎಂದು ಹೇಳುತ್ತಲೇ ಒತ್ತಿ, ಎತ್ತಿದಳು. ಬಾಲದ ಜಾಗದಲ್ಲಿ ಒಂದು ಕಪ್ಪು ಮುದ್ದೆ. ಕೊಕ್ಕು ಅರ್ಧ ಮಾಯ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮುಖ್ಯಸ್ಥೆ ಒಳ್ಳೆಯವರು. ಬರುವ ಗುರುವಾರ ಇನ್ನೊಮ್ಮೆ ಬನ್ನಿ, ಆದರೆ ಅದೇ ಕೊನೆ ಎಂದರು.

ಅವಳು ಅಚ್ಚನ್ನು ಹೊರಗಿನ ಮೆಟ್ಟಿಲ ಮೇಲೆ ತಿರುಗಿಸಿ ನೋಡಿದಳು. ಬೆಳಕಿಗೆ ಅಡ್ಡ ಹಿಡಿದಾಗ ಗೊತ್ತಾಯಿತು. ಬಾಲದ ಮೂಲೆಯಲ್ಲಿ ಹಿಡಿಯ ಮರಕ್ಕೂ ರಬ್ಬರಿಗೂ ನಡುವೆ ಕಾಗದದ ತುಂಡುಗಳನ್ನು ಅಂಟಿಸಿ, ಆ ಮೂಲೆಯನ್ನು ಬೇಕೆಂದೇ ಎತ್ತರಿಸಲಾಗಿತ್ತು.

ನೇರವಾಗಿ ಅವನ ಅಂಗಡಿಗೆ ಹೋದಳು.

"ಬೇಕೂಂತ ಸೊಟ್ಟ ಮಾಡಿದ್ರಾ?"

ಅವನ ಮುಖ ಬಿಳಿಚಿತು. ಮುಚ್ಚಿಡಲಿಲ್ಲ. "ನಿಮ್ಮ ಮೇಜಿನಲ್ಲಿ ಒಂದು ತಗ್ಗಿದೆ. ಮೇಜಿನ ಮಾತು ಎತ್ತೋಕೆ ಧೈರ್ಯ ಬರಲಿಲ್ಲ. ಅದಕ್ಕೇ ಮೇಜಿಗೆ ತಕ್ಕ ಹಾಗೆ ಅಚ್ಚು ಮಾಡಿದೆ. ನೀವು ಅದನ್ನ ಬೇರೆ ಕಡೆ ತಗೊಂಡು ಹೋಗ್ತೀರಿ ಅಂತ..."

"ನೀವೂ ನಮ್ಮಣ್ಣನ ಹಾಗೇ," ಎಂದಳು. "ಅವನಾದರೂ ಮುಖಕ್ಕೇ ಹೇಳಿದ."

ಅಚ್ಚನ್ನು ಅವನ ಮೇಜಿನ ಮೇಲಿಟ್ಟು ಹೊರಟುಬಂದಳು.

ಎರಡು ದಿನ ಅವಳು ಕೆಲಸ ಮುಟ್ಟಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. 'ಅಪ್ಪನ ಮೇಜಿನಲ್ಲಿ ತಗ್ಗಂತೆ... ನೋಡೇಬಿಡೋಣ' ಎಂದು ಮೂರನೇ ಬೆಳಿಗ್ಗೆ ಸ್ಟೀಲ್ ಸ್ಕೇಲನ್ನು ಮೇಜಿನ ಮೇಲೆ ಅಡ್ಡಲಾಗಿ ನಿಲ್ಲಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿದಳು.

ಪಟ್ಟಿಯ ಪಕ್ಕದಲ್ಲಿ ಸ್ಕೇಲಿನ ಅಡಿಯಿಂದ ಬೆಳಕು ಕಾಣಿಸಿತು. ಅಂಗೈ ಅಗಲದ, ನಾಲ್ಕೈದು ಹಾಳೆ ದಪ್ಪದ ತಗ್ಗು. ಅಪ್ಪ ಪುಸ್ತಕ ಇಟ್ಟು ಸುತ್ತಿಗೆಯಿಂದ ತಟ್ಟುತ್ತಿದ್ದ ಜಾಗವೇ ಅದು. ಕಾರ್ಡು ಇಟ್ಟಾಗ ಹಕ್ಕಿಯ ಬಾಲ ಬೀಳುತ್ತಿದ್ದದ್ದೂ ಅಲ್ಲೇ.

ಅವಳು ಅದರಲ್ಲಿ ಕೈ ಇಟ್ಟುಕೊಂಡು ಕೂತಳು. ಅಳು ಬಂತು, ಅತ್ತಳು. ಇದು ಮೇಜಿನ ದೋಷವಲ್ಲ, ಅಪ್ಪನ ಮೂವತ್ತು ವರ್ಷದ ದುಡಿಮೆ ಎಂದು ಅನಿಸಿದ ಮೇಲೆ ಮನಸ್ಸು ಹಗುರಾಯಿತು. ಎದ್ದು ಮುಖ ತೊಳೆದಳು. ತಗ್ಗಿನ ಅಳತೆಗೆ ಹಾಳೆಗಳನ್ನು ಕತ್ತರಿಸಿ ತುಂಬಿದಳು. ಮೇಲೆ ಒಂದು ಮೆತ್ತನೆಯ ತೆಳು ಹಾಸು ಹಾಸಿದಳು. ಡ್ರಾಯರಿನ ಮೂಲೆಯಿಂದ ಮೊದಲನೇ ಅಚ್ಚನ್ನು ತೆಗೆದು, ತಟ್ಟಿ, ಒತ್ತಿ, ಎತ್ತಿದಳು.

ಕೊಕ್ಕು, ಕಣ್ಣು, ಕೊಂಬೆ. ಬಾಲ.

ಮೊದಲನೇ ಅಚ್ಚಿನಲ್ಲಿ ಏನೂ ತಪ್ಪಿರಲಿಲ್ಲ. ಆದರೂ ಅವನು ತಪ್ಪು ನನ್ನದೇ ಎಂದಿದ್ದ. ಕೆತ್ತುವ ಕೈಯನ್ನೇ ನಂಬಿ ಬದುಕುವವನು, ಆ ಕೈ ಸರಿಯಿಲ್ಲ ಎಂದು ತಾನೇ ಹೇಳಿಕೊಂಡಿದ್ದ. ಅವಳಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು.

ಆದರೂ ಕೂಡಲೇ ಓಡಿಹೋಗಲಿಲ್ಲ. ಗುರುವಾರ ಮುಗಿಯಲಿ ಎಂದುಕೊಂಡಳು.

ಗುರುವಾರ ಅವಳು ಪಾಠವನ್ನು ಹಕ್ಕಿಯಿಂದ ಶುರು ಮಾಡಲಿಲ್ಲ. ಸ್ಕೇಲನ್ನು ಮೇಜಿನ ಮೇಲೆ ನಿಲ್ಲಿಸಿ, "ಅಚ್ಚನ್ನ ಬಯ್ಯೋ ಮುಂಚೆ ಮೇಜು ನೋಡಿ. ನಾನು ನೋಡಲಿಲ್ಲ," ಎಂದಳು. ಹದಿನೈದು ಜನರೂ ಎದ್ದು ಬಂದು ಸ್ಕೇಲಿನಡಿ ಇಣುಕಿದರು. ಆಮೇಲೆ ಹದಿನೈದು ಹಕ್ಕಿಗಳೂ ಬಾಲಸಮೇತ ಮೂಡಿದವು. ಮುಖ್ಯಸ್ಥೆ ಒಂದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ಸೋಮವಾರದಿಂದ ಬನ್ನಿ ಎಂದರು.

ಅಲ್ಲಿಂದ ಅಚ್ಚಿನ ಅಂಗಡಿಗೆ ಇಪ್ಪತ್ತು ನಿಮಿಷದ ದಾರಿ. ಅವಳು ಹತ್ತೇ ನಿಮಿಷದಲ್ಲಿ ತಲುಪಿದಳು.

ಅವನು ತಲೆ ಎತ್ತಿದ. ಹುಬ್ಬಿನ ಮೇಲೆ ಈಗಲೂ ರಬ್ಬರಿನ ಚೂರು. ಅವಳು ಒಂದು ಕಾರ್ಡನ್ನು ಅವನ ಮುಂದಿಟ್ಟಳು.

"ಕೆಲಸ ಸಿಕ್ತು. ಇದು ನಿಮ್ಮ ಮೊದಲನೇ ಅಚ್ಚು."

ಅವನು ಬಾಲವನ್ನೇ ನೋಡುತ್ತಾ ಕೂತ.

"ಮಾಡದ ತಪ್ಪನ್ನ ಯಾಕೆ ಒಪ್ಕೊಂಡ್ರಿ?" ಎಂದು ಕೇಳಿದಳು.

"ಅಣ್ಣನ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದೆ ಅಂದ್ರಿ." ಅವನು ನಿಧಾನಕ್ಕೆ ಹೇಳಿದ. "ನನ್ನ ಕೈಲಿ ಮೂರು ದಿನವೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ."

"ಈಗ ಆರು ದಿನ ಆಯ್ತಲ್ಲ. ಏನು ಮಾಡಿದ್ರಿ?"

ಅವನು ಡ್ರಾಯರಿನಿಂದ ಒಂದು ಅಚ್ಚು ತೆಗೆದು ಕಾಗದದ ಮೇಲೆ ಒತ್ತಿದ. ಒಬ್ಬ ವೈದ್ಯರ ವಿಳಾಸ. ಅಕ್ಷರಗಳೆಲ್ಲ ತಿರುಗುಮುರುಗಾಗಿ ಮೂಡಿದವು. ಅಚ್ಚಿನಲ್ಲಿ ಉಲ್ಟಾ ಕೆತ್ತಬೇಕು ಎಂಬ ಮೊದಲ ಪಾಠವನ್ನೇ ಹನ್ನೆರಡು ವರ್ಷದ ಕೆಲಸಗಾರ ಮರೆತಿದ್ದ.

ಅವಳು ಈ ಸಲ ನಗುವನ್ನು ತಡೆಯಲಿಲ್ಲ.

"ನಿಮ್ಮನ್ನ ಇಷ್ಟಪಡ್ತೀನಿ," ಅವನು ಆ ಕಾಗದವನ್ನು ಮಡಿಸುತ್ತಾ ಹೇಳಿದ. "ಇದನ್ನಾದ್ರೂ ಮುಖಕ್ಕೇ ಹೇಳ್ಬೇಕು ಅನ್ನಿಸ್ತು."

ಅವಳು ಕೈ ಚಾಚಿ ಅವನ ಹುಬ್ಬಿನ ಮೇಲಿನ ಚೂರನ್ನು ತೆಗೆದಳು. ಮೊದಲ ದಿನದಿಂದಲೂ ಅವಳಿಗೆ ಅದೊಂದು ಕೆಲಸ ಬಾಕಿಯಿತ್ತು.

"ಇನ್ಮೇಲೆ ಮೇಜು ಸರಿಯಿಲ್ಲ ಅಂದ್ರೆ ಸರಿಯಿಲ್ಲ ಅಂತಲೇ ಹೇಳ್ಬೇಕು."

"ಹೇಳ್ತೀನಿ."

"ನನ್ನ ಅಡುಗೆ ಸರಿಯಿಲ್ಲ ಅಂದ್ರೂ."

"ಅದು ತಿಂದ ಮೇಲೆ ತಾನೇ ಗೊತ್ತಾಗೋದು."

"ಭಾನುವಾರ ಊಟಕ್ಕೆ ಬನ್ನಿ. ಅಮ್ಮ ಕರೀತಿದ್ದಾಳೆ."

"ಅಮ್ಮ ಮಾತ್ರಾನಾ?"

ಅವಳು ಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಅಮ್ಮನಿಗೆ ಇನ್ನೂ ಗೊತ್ತಿಲ್ಲ," ಎಂದಳು. "ನಾನೇ ಕರೀತಿರೋದು."