ಮಹಾರಾಣಿಯ ಜಾಕೆಟ್ಟು

ಹೆಣ ಗೋಡೆಯ ಬುಡದಲ್ಲಿ ಬೋರಲಾಗಿ ಬಿದ್ದಿತ್ತು. ಅವಳನ್ನು ಗೋಡೆಗೆ ಒತ್ತಿದ ಲಾರಿ ಈಗ ನಾಲ್ಕು ಮಾರು ಮುಂದೆ ನಿಂತಿತ್ತು. ಹೊರಗೆ ಬೆಳಗಾಗಿದ್ದರೂ ಸರಕಿನ ಶೆಡ್ಡಿನ ಆ ಮೂಲೆಯಲ್ಲಿ ಮಬ್ಬು. ಅಲ್ಲಿಯ ದೀಪ ಕೆಟ್ಟು ಬಹಳ ದಿನವಾಗಿತ್ತು.

ಇನ್ಸ್‌ಪೆಕ್ಟರ್ ಬಗ್ಗಿ, ಮೇಲೆ ಹೊದಿಸಿದ್ದ ಗೋಣಿ ಸರಿಸಿ ಟಾರ್ಚ್ ಬಿಟ್ಟರು. ಶೆಡ್ಡಿನವರೆಲ್ಲ ಬಟ್ಟೆಯ ಮೇಲೆ ಹಾಕಿಕೊಳ್ಳುವ ತೋಳಿಲ್ಲದ ಹಳದಿ ಜಾಕೆಟ್ಟು. ಸೊಂಟಕ್ಕೆ ಸರಿಯಾಗಿ ಕೂರುವಂತೆ ಹಿಡಿದು ಹೊಲಿಸಿದ್ದು. ಎದೆಯ ಕಡೆಯ ಬೆಳ್ಳಿ ಬಣ್ಣದ ಪಟ್ಟಿ ಮಗ್ಗುಲಲ್ಲಿ ಇಣುಕಿ, ಟಾರ್ಚಿನ ಬೆಳಕಿಗೆ ಫಳ್ಳೆಂದಿತು. ಬೆನ್ನಿನ ಮೇಲೆ ಅಂಥವೇ ಎರಡು ಪಟ್ಟಿ ಇರಬೇಕಿತ್ತು. ಇರಲಿಲ್ಲ. ಅವು ಇದ್ದ ಜಾಗದಲ್ಲಿ ಸೂಜಿ ತೂತುಗಳ ಸಾಲು ಮಾತ್ರ ಉಳಿದಿತ್ತು.

“ಶೋಕಿ ಮೇಡಂ, ಬರೀ ಶೋಕಿ,” ಎಂದ ಸೂಪರ್‌ವೈಸರ್. “ಕೊಟ್ಟಿದ್ದನ್ನ ಕೊಟ್ಟ ಹಾಗೆ ಹಾಕ್ಕೊಳ್ರಮ್ಮ ಅಂತ ಬಾಯಿ ಬಡ್ಕೊಂಡೆ. ಇವಳು ಕೇಳಬೇಕಲ್ಲ. ಶೆಡ್ಡಲ್ಲಿ ಇವಳಿಗೆ ಹೆಸರೇ ಮಹಾರಾಣಿ.”

“ಆ ದೀಪಾನೂ ಅವಳೇ ಶೋಕಿಗೆ ಕೆಡಿಸಿದ್ಲಾ?”

ಸೂಪರ್‌ವೈಸರ್ ಕತ್ತೆತ್ತಿ ದೀಪ ನೋಡಿದ. ಇವತ್ತೇ ಮೊದಲ ಸಲ ನೋಡಿದವನಂತೆ ನೋಡಿದ.

ಡ್ರೈವರ್ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದ. ಎಳೆ ಹುಡುಗನಲ್ಲ, ಹಾಗಂತ ಪೂರ್ತಿ ಬಲಿತವನೂ ಅಲ್ಲ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ತಲೆ ಮಾತ್ರ ಗೆರೆ ಕೊರೆದಂತೆ ಬಾಚಿತ್ತು.

“ಕನ್ನಡೀಲಿ ಏನೂ ಹೊಳೀಲಿಲ್ಲ ಮೇಡಂ. ಹೊಳೆದಿದ್ರೆ ನಿಲ್ಲಿಸ್ತಿದ್ದೆ. ಇಲ್ಲಿ ನಮಗಿರೋದೇ ಅದೊಂದು ಲೆಕ್ಕ. ಹೊಳೆದರೆ ನಿಲ್ಲು, ಹೊಳೀದಿದ್ರೆ ಹಿಂದೆ ತಗೋ. ಅವಳು ಆ ಕಡೆ ತಿರುಗಿ ಪೆಟ್ಟಿಗೆ ಜೋಡಿಸ್ತಿದ್ಲು. ಬೆನ್ನಿಗೆ ಪಟ್ಟೀನೇ ಇಲ್ಲ ಅಂದ್ರೆ ನಾನೇನು ಮಾಡ್ಲಿ?”

“ಮೊದಲು ಓಡಿ ಬಂದವರು ಯಾರು?”

“ನನ್ನ ಅಕ್ಕ.” ಅವನು ವಿಶ್ರಾಂತಿ ಕೋಣೆಯ ಕಡೆ ಕೈ ತೋರಿಸಿದ. “ಅವಳೂ ಇಲ್ಲೇ ಕೆಲಸಕ್ಕಿರೋದು.”

ಇನ್ಸ್‌ಪೆಕ್ಟರ್ ದಫೇದಾರರ ಕಡೆ ತಿರುಗಿದರು. “ಗೇಟ್ ಹಾಕಿಸಿ. ಒಳಗಿರೋರು ಒಳಗೇ ಇರಲಿ.”

*

ವಿಶ್ರಾಂತಿ ಕೋಣೆಯಲ್ಲಿ ಹೆಂಗಸರು ಬೆಂಚಿನ ಮೇಲೆ ಒತ್ತೊತ್ತಾಗಿ ಕೂತಿದ್ದರು. ತಗಡಿನ ಮಾಡು ಕಾಯುತ್ತಿತ್ತು. ಜಾಕೆಟ್ಟುಗಳನ್ನು ಬಿಚ್ಚಿ ಗೂಟಕ್ಕೆ ಹಾಕಿದ್ದರು. ಡ್ರೈವರನ ಅಕ್ಕನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಅಷ್ಟು ಸಣಕಲು. ಅತ್ತೂ ಅತ್ತೂ ಅವಳ ಕಣ್ಣು ಊದಿತ್ತು, ಹಾಕಿಕೊಂಡಿದ್ದ ಜಾಕೆಟ್ಟಿನ ಕೊರಳು ಒದ್ದೆಯಾಗಿತ್ತು.

“ಪಾಪ, ನಿಮ್ಮ ಗಾಡಿ ಬರೋ ತನಕ ಅವಳ ಹತ್ರ ಒಬ್ಳೇ ಕೂತಿದ್ಲು ಮೇಡಂ,” ಎಂದಳು ಒಬ್ಬಳು. “ನೀವ್ಯಾರೂ ನೋಡಬೇಡಿ, ತಡ್ಕೊಳ್ಳಲ್ಲ ಅಂತ ನಮ್ಮನ್ನೆಲ್ಲ ದೂರ ಕಳಿಸಿದ್ಲು. ಗೋಣಿ ಹೊದಿಸಿದ್ದೂ ಇವಳೇ.”

“ನನ್ನ ಗೆಳತಿಗೆ ನಾನಲ್ದೆ ಇನ್ಯಾರು ಹೊದಿಸ್ತಾರೆ?” ಕಡ್ಡಿ ಮೂಗು ಒರೆಸಿಕೊಂಡಳು. “ಬೇಡ ಕಣೇ ಅಂತ ಬಡ್ಕೊಂಡೆ. ಪಟ್ಟಿ ಇದ್ರೆ ಬೆನ್ನು ಅಗಲ ಕಾಣುತ್ತೆ ಅಂದ್ಲು. ನಿನ್ನೆ ಅತ್ತಿಗೆ ಹತ್ರ ಬಿಚ್ಚಿಸ್ಕೊಂಡಿದ್ಲು.”

“ಅವಳ ಅತ್ತಿಗೆಗೆ ಹೊಲಿಗೆ ಬರುತ್ತಾ?”

“ನಮ್ಮೆಲ್ಲರ ಜಾಕೆಟ್ಟೂ ಅವಳೇ ಹಿಡಿದು ಹೊಲಿದಿರೋದು,” ಎಂದಳು ಮೂಲೆಯಲ್ಲಿದ್ದ ದಪ್ಪನೆಯವಳು. “ಇವರು ಕೊಡೋದು ಗಂಡಸರ ಅಳತೇದು ಮೇಡಂ. ಅದರೊಳಗೆ ನಾನೇ ಕಳೆದುಹೋಗ್ತೀನಿ ಅಂದ್ರೆ ಲೆಕ್ಕ ಹಾಕಿ. ಬಗ್ಗಿದ್ರೆ ಪೆಟ್ಟಿಗೆ ಮೊಳೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಮಹಾರಾಣೀನೇ ಮೊದಲು ಚಿಕ್ಕದು ಮಾಡಿಸಿದ್ದು. ಆಮೇಲೆ ಊಟದ ಹೊತ್ತಲ್ಲಿ ಎಲ್ಲರೂ ಹೊಲಿಗೆ ಬಿಚ್ಚೋದೇ ಕಲಿತ್ವಿ. ಬಿಚ್ಚಿ ಕೊಡೋದು ನಾವು, ಹೊಲಿಯೋದು ಅವಳ ಅತ್ತಿಗೆ.”

ಯಾರೋ ನಕ್ಕರು. ತಕ್ಷಣ ಬಾಯಿ ಮುಚ್ಚಿಕೊಂಡರು.

*

ಗೇಟಿನ ಹೊರಗೆ ಸತ್ತವಳ ತಾಯಿ ನಿಂತಿದ್ದಳು. ಪಕ್ಕದಲ್ಲಿ ಸೊಸೆ. ಸೊಸೆಯ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು.

“ಇವಳೇ ಕೊಂದಿದ್ದು!” ತಾಯಿ ಕೂಗಿದಳು. “ಇಬ್ರೂ ಸೇರ್ಕೊಂಡು ಮೆಷಿನ್ ಮುಂದೆ ಕೂತು ಕಿಸಿಕಿಸಿ ನಗೋರು. ಇಲ್ಲಿ ಹಿಡಿ, ಅಲ್ಲಿ ಬಿಚ್ಚು. ಈಗ ನನ್ನ ಮಗಳ ಉಸಿರನ್ನೇ ಬಿಚ್ಚಿಬಿಟ್ಲು. ಇನ್ನು ಇವಳು ನನ್ನ ಹೊಸ್ತಿಲು ತುಳಿಯೋ ಹಾಗಿಲ್ಲ!”

“ನೀವು ಹೇಳಮ್ಮ,” ಎಂದರು ಇನ್ಸ್‌ಪೆಕ್ಟರ್ ಸೊಸೆಗೆ.

“ಸೊಂಟ ಸಣ್ಣ ಮಾಡಿದ್ದು ನಾನೇ. ಪಟ್ಟಿಗೆ ಕೈ ಹಚ್ಚಿಲ್ಲ.” ಅವಳ ದನಿ ಮೇಲೇಳಲಿಲ್ಲ. “ಪಟ್ಟಿ ಇದ್ರೇನೇ ಚೆಂದ ಅತ್ತಿಗೆ, ಬೆಳಕು ಬಿದ್ರೆ ನಾನೇ ಹಬ್ಬ ಅಂತಿದ್ಲು.”

ತಾಯಿ ಮಗನಿಗೆ ಫೋನು ಮಾಡಿದಳು. ನಿನ್ನ ಹೆಂಡತಿ ನಿನ್ನ ತಂಗೀನ ಕೊಂದಳು ಎಂದಳು. ಸೊಸೆ ಕೈ ಚಾಚಿ ಕಾದಳು. ಅವನು ಆಡಿದ್ದು ಎರಡೇ ಮಾತು. ಇವಳಿಗೆ ಕೊಡು ಎನ್ನಲಿಲ್ಲ. ಫೋನು ಇಟ್ಟುಬಿಟ್ಟ. ಚಾಚಿದ ಕೈಯನ್ನು ಅವಳು ನಿಧಾನವಾಗಿ ಮಡಚಿಕೊಂಡಳು.

ದಫೇದಾರರು ಪಿಸುಗುಟ್ಟಿದರು. “ಅವಳೇ ಇರಬೇಕು ಮೇಡಂ. ಮೂರು ಮೂರು ಹೊಲಿಗೆಗೆ ಒಂದು ಕತ್ತರಿಸಿ, ದಾರ ಎಳೆದು ಬಿಚ್ಚಿದಾರೆ. ಬಟ್ಟೆ ಒಂದೆಳೆ ಹರಿದಿಲ್ಲ. ಪಳಗಿದ ಕೈ. ನನ್ನ ಹೆಂಡತಿ ಆಗಿದ್ರೆ ಜಾಕೆಟ್ಟೇ ಎರಡು ಮಾಡಿರ್ತಿದ್ಲು.”

“ಪಳಗಿದ ಕೈ ಒಳಗಡೆ ಕೋಣೆ ತುಂಬ ಇದಾವಲ್ರೀ. ಜಾಕೆಟ್ಟು ಬಿಸಿಲಿಗೆ ತನ್ನಿ.”

*

ಬಿಸಿಲಿನಲ್ಲಿ ಜಾಕೆಟ್ಟಿನ ಬೆನ್ನು ಹರವಿದರು. ಲಾರಿಯ ಹಿಂಬದಿಗೆ ಹಸಿ ಕೆಸರು ದಪ್ಪಗೆ ಮೆತ್ತಿತ್ತು. ಅವಳನ್ನು ಒತ್ತಿದಾಗ ಅದೇ ಕೆಸರು ಜಾಕೆಟ್ಟಿನ ಬೆನ್ನಿಗೂ ಹತ್ತಿತ್ತು. ಮೇಲೆ ಕೆಸರು, ನಡುವೆ ಕೆಸರು, ಕೆಳಗೂ ಕೆಸರು. ಆದರೆ ಪಟ್ಟಿಗಳಿದ್ದ ಎರಡು ಜಾಗ ಮಾತ್ರ ಒಗೆದು ಮಡಿಸಿಟ್ಟ ಹಾಗೆ ಶುದ್ಧ ಹಳದಿ. ಕೆಸರು ಸೂಜಿ ತೂತಿನ ಸಾಲಿನವರೆಗೆ ಬಂದು ಗೆರೆ ಎಳೆದಂತೆ ನಿಂತಿತ್ತು.

ದಫೇದಾರರು ತಲೆ ಕೆರೆದುಕೊಂಡರು. “ಅಂದ್ರೆ?”

“ಮನೇಲೇ ಬಿಚ್ಚಿದ್ರೆ ಅಲ್ಲೂ ಕೆಸರು ಹತ್ತಬೇಕಿತ್ತು. ಲಾರಿ ಗುದ್ದೋವಾಗ ಪಟ್ಟಿ ಬೆನ್ನ ಮೇಲೇ ಇತ್ತು. ಬಿಚ್ಚಿದ್ದು ಆಮೇಲೆ.”

“ಹೆಣದ ಮೇಲಿಂದಾನಾ?” ದಫೇದಾರರ ಮುಖ ಕಪ್ಪಿಟ್ಟಿತು. “ಥೂ.”

ಇನ್ಸ್‌ಪೆಕ್ಟರ್ ಲಾರಿ ಹತ್ತಿ ಡ್ರೈವರನ ಸೀಟಿನಲ್ಲಿ ಕೂತರು. ಬಾಗಿಲ ಪಕ್ಕದ ಕನ್ನಡಿ ನೋಡಿದರು. ಶೆಡ್ಡು ಕಾಣಲಿಲ್ಲ. ಗೋಡೆ ಕಾಣಲಿಲ್ಲ. ಕಂಡದ್ದು ಅವರದೇ ಮುಖ, ನೆತ್ತಿಯವರೆಗೆ. ಸೀಟಿನ ಅಂಚಿನಲ್ಲಿ ಒಂದು ಬಾಚಣಿಗೆ ಬಿದ್ದಿತ್ತು.

ಅವರು ಅದನ್ನು ಮುಟ್ಟಲಿಲ್ಲ. ಊರೆಲ್ಲ ಸತ್ತವಳ ಶೋಕಿಯ ಮಾತಾಡುತ್ತಿತ್ತು.

*

“ಬಿಚ್ಚಿದ ಪಟ್ಟಿ ಸಿಕ್ಕಿಲ್ಲ,” ಎಂದರು ಇನ್ಸ್‌ಪೆಕ್ಟರ್, ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ನಿಂತು. ಡ್ರೈವರನನ್ನೂ ಸೂಪರ್‌ವೈಸರನನ್ನೂ ಒಳಗೆ ಕರೆಸಿದ್ದರು. “ಕಸದ ಡಬ್ಬ, ಚರಂಡಿ, ಬ್ಯಾಗು ಎಲ್ಲ ಜಾಲಾಡಿದ್ವಿ. ಗೇಟಿಂದ ಯಾರೂ ಹೊರಗೆ ಹೋಗಿಲ್ಲ. ಅಂದಮೇಲೆ ಪಟ್ಟಿ ಈ ಕೋಣೇಲೇ ಇದೆ. ಯಾರದೋ ಮೈಮೇಲೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಡ್ಡಿಯ ಕೈ ಸೊಂಟಕ್ಕೆ ಹೋಯಿತು. ಹೋದಷ್ಟೇ ಬೇಗ ವಾಪಸು ಬಂತು.

“ಇಷ್ಟು ಸೆಕೆ. ಎಲ್ಲರೂ ಜಾಕೆಟ್ಟು ಬಿಚ್ಚಿದಾರೆ. ನಿನಗೊಬ್ಬಳಿಗೆ ಚಳಿನಾ?”

ದಪ್ಪನೆಯವಳೇ ಎದ್ದು ಬಂದಳು. ಕಡ್ಡಿಯ ಜಾಕೆಟ್ಟಿನ ಮುಂದೆ ಸೊಂಟದ ಮೇಲಿದ್ದ ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಪಟ್ಟಿ ಬಾಗಲಿಲ್ಲ. ಮಗ್ಗುಲ ಹೊಲಿಗೆ ಬಿಟ್ಟಿದ್ದ ಸಂದಿಗೆ ಉಗುರು ತೂರಿಸಿ ಎಳೆದಳು. ಒಳಗಿಂದ ಮಡಿಕೆ ಮಡಿಕೆಯಾಗಿ ಬೆಳ್ಳಿ ಪಟ್ಟಿ ಬಂತು. ಅದರ ಒಂದು ಮೈಗೆ ಕೆಸರು ಒಣಗಿ ಅಂಟಿತ್ತು.

“ಅಯ್ಯೋ, ನಿನ್ನ ಬಾಯಿಗೆ ಮಣ್ಣು ಬೀಳ,” ಎಂದಳು ದಪ್ಪನೆಯವಳು. ಅದನ್ನು ಹಾವು ಹಿಡಿದವಳ ಹಾಗೆ ದೂರ ಹಿಡಿದಳು.

“ಇನ್ನೊಂದು ಆ ಕಡೆ ಇರುತ್ತೆ,” ಎಂದರು ಇನ್ಸ್‌ಪೆಕ್ಟರ್. ಆಮೇಲೆ ಡ್ರೈವರನ ಕಡೆ ತಿರುಗಿದರು. “ಪಟ್ಟಿ ಹೊಳೀತಿತ್ತು. ನೀನು ನೋಡ್ಲಿಲ್ಲ. ನಿನ್ನ ಕನ್ನಡಿ ನಿನ್ನ ಮುಖ ನೋಡ್ತಿತ್ತು. ತಲೆ ಬಾಚ್ಕೊಂಡೇ ಲಾರಿ ಹಿಂದೆ ತಗೊಂಡೆ. ಓಡಿ ಬಂದ ಅಕ್ಕನಿಗೆ ಆ ಕನ್ನಡಿ ಕಾಣಿಸ್ತು, ವಿಷಯ ತಿಳೀತು. ಪಟ್ಟಿ ಹೊಳೀತಿದ್ರೆ ತಪ್ಪು ನಿಂದು. ಹೊಳೀದೇ ಇದ್ರೆ ತಪ್ಪು ಸತ್ತವಳದ್ದು. ಅದಕ್ಕೇ ಎಲ್ಲರನ್ನೂ ದೂರ ಕಳಿಸಿದ್ಲು. ಪಟ್ಟಿ ಬಿಚ್ಚೋ ಅವಸರದಲ್ಲಿ ಕನ್ನಡಿ ತಿರುಗಿಸೋದು ಮರೆತ್ಲು. ಕತ್ತಲಲ್ಲಿ ಕೆಸರೂ ಕಾಣಿಸ್ಲಿಲ್ಲ.”

“ಒಂದೇ ಸಲ ಬಾಚಿದ್ದು,” ಎಂದ ಡ್ರೈವರ್, ಅಳುತ್ತ. “ಅಕ್ಕಾ, ಹೇಳೇ, ಒಂದೇ ಸಲ.”

“ಸುಮ್ನಿರೋ.” ಕಡ್ಡಿಯ ಕಣ್ಣೀರು ನಿಂತಿತ್ತು. “ಸತ್ತೋಳು ಸತ್ತಾಯ್ತು ಮೇಡಂ. ಇರೋನನ್ನ ಉಳಿಸ್ಕೋಬೇಡ್ವಾ? ಹೇಗೂ ಊರೆಲ್ಲ ಅವಳನ್ನ ಶೋಕಿ ಶೋಕಿ ಅಂತಿದ್ರು. ನಾನೇನು ಹೊಸದು ಹೇಳಿದ್ನಾ? ಅವಳಿಗೇನು ಇನ್ನು ನೋವಾಗುತ್ತಾ?”

“ಅವಳಿಗಾಗಲ್ಲ. ಗೇಟಿನ ಹತ್ರ ಒಬ್ಬಳು ನಿಂತಿದಾಳಲ್ಲ, ಅವಳಿಗಾಗುತ್ತೆ. ನಿನ್ನ ಜಾಕೆಟ್ಟೂ ಅವಳೇ ಹೊಲಿದಿದ್ದು.”

ಕಡ್ಡಿ ಈಗ ತಲೆ ತಗ್ಗಿಸಿದಳು.

“ನೋಡಿದ್ರಾ ಮೇಡಂ,” ಸೂಪರ್‌ವೈಸರ್ ಮುಂದೆ ಬಂದ. “ಹೊಲಿಗೆ ಬಿಚ್ಚೋದು ಕಲಿತಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ನಾಳೆಯಿಂದ ಯಾರೂ ಜಾಕೆಟ್ಟಿಗೆ ಕೈ ಹಚ್ಚೋ ಹಾಗಿಲ್ಲ.”

“ದೀಪಕ್ಕೆ ಯಾರು ಕೈ ಹಚ್ತೀರಾ?” ಎಂದು ಕೇಳಿದರು ಇನ್ಸ್‌ಪೆಕ್ಟರ್. “ಆ ಪ್ರಶ್ನೆ ಸ್ಟೇಷನ್ನಲ್ಲಿ ಮತ್ತೆ ಕೇಳ್ತೀನಿ. ನೀವೂ ಗಾಡಿ ಹತ್ತಿ.”

*

ಗೇಟಿನ ಬಳಿ ಇನ್ಸ್‌ಪೆಕ್ಟರ್ ಎಲ್ಲವನ್ನೂ ತಾಯಿಗೆ ಬಿಡಿಸಿ ಹೇಳಿದರು. ಕೆಸರು, ಕನ್ನಡಿ, ಪಟ್ಟಿ. ನಿಮ್ಮ ಸೊಸೆಯದು ಎಳ್ಳಷ್ಟೂ ತಪ್ಪಿಲ್ಲ ಎಂದು ಎರಡು ಸಲ ಹೇಳಿದರು.

ತಾಯಿ ಪೊಲೀಸ್ ವ್ಯಾನಿನ ಕಿಟಕಿ ನೋಡಿದಳು. ಒಳಗೆ ಕಡ್ಡಿ ಮುಖ ಮುಚ್ಚಿಕೊಂಡು ಕೂತಿದ್ದಳು.

“ನನ್ನ ಕೈಯಾರೆ ಬಡಿಸಿದೀನಿ ಅವಳಿಗೆ,” ಎಂದಳು ತಾಯಿ. “ನನ್ನ ಮಗಳೂ ಅವಳೂ ಒಂದೇ ತಟ್ಟೇಲಿ ತಿಂತಿದ್ರು.” ದನಿಯಲ್ಲಿ ಕೂಗು ಉಳಿದಿರಲಿಲ್ಲ. ಬಹಳ ಹೊತ್ತಿನ ಮೇಲೆ ಸೊಸೆಯ ಕಡೆ ಹೊರಳಿದಳು. “ನಡಿ. ಮನೆಗೆ ಹೋಗೋಣ.”

“ಬರ್ತೀನಿ ಅತ್ತೆ. ನಿಮ್ಮ ಮಗಳನ್ನ ಮಣ್ಣು ಮಾಡೋ ತನಕ ಇರ್ತೀನಿ. ಅವಳು ನನಗೂ ಬೇಕಾದವಳೇ. ಆಮೇಲೆ ನಾನು ಮನೆ ಬಿಟ್ಟು ಹೊರಡ್ತೀನಿ.”

“ಹೊಟ್ಟೆ ಉರೀಲಿ ಏನೋ ಅಂದೆ ಕಣೇ. ಹೆತ್ತವಳು ನಾನು.”

“ನೀವು ಅಂದಿದ್ದಕ್ಕಲ್ಲ.”

“ಮತ್ತೆ?”

“ನಿಮ್ಮ ಮಗನಿಗೆ ಫೋನಲ್ಲಿ ಹೇಳಿದ್ರಲ್ಲ, ನಾನು ಕೊಂದೆ ಅಂತ. ನಿಜಾನಾ ಅಂತ ಅವರು ಒಂದು ಸಲ ನನ್ನ ಕೇಳಬಹುದಿತ್ತು. ಕೇಳ್ಲಿಲ್ಲ.”

ತಾಯಿ ಇನ್ಸ್‌ಪೆಕ್ಟರರ ಮುಖ ನೋಡಿದಳು, ಇದಕ್ಕೂ ಅವರ ಬಳಿ ಏನಾದರೂ ದಾರಿ ಇರಬಹುದು ಎಂಬಂತೆ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಒಳಗಿನಿಂದ ಸ್ಟ್ರೆಚರ್ ಬಂತು. ಸೊಸೆ ಒಂದು ಕಡೆ ಹಿಡಿದಳು, ಅತ್ತೆ ಇನ್ನೊಂದು ಕಡೆ. ಆಂಬುಲೆನ್ಸಿನವರೆಗೆ ಇಬ್ಬರೂ ಸಮವಾಗಿ ಹೆಜ್ಜೆ ಹಾಕಿದರು. ಒಬ್ಬರನ್ನೊಬ್ಬರು ನೋಡಲಿಲ್ಲ.