ಮೀನಿನ ತಲೆ ಯಾರ ಕಡೆಗೆ

ಅವಳು ಹೋಟೆಲಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಅವನು ಮುಖ ಕೆಳಗೆ ಹಾಕಿ ಮೆನು ಓದುತ್ತಿದ್ದ.

"ಮುಂದಿನ ಪಾಳಿಗೆ ಬರೋಳು ತಡ ಮಾಡಿದ್ಳು" ಎನ್ನುತ್ತ ಎದುರಿನ ಕುರ್ಚಿ ಎಳೆದಳು. ಉತ್ತರವಿಲ್ಲ. "ಬಸ್ಸೂ ಸಿಗಲಿಲ್ಲ" ಅಂದಳು. ಅದಕ್ಕೂ ಇಲ್ಲ. ಹದಿನೈದು ನಿಮಿಷಕ್ಕೆ ಇಷ್ಟು ಮುನಿಸೇ? ಊಟಕ್ಕೆ ಕರೆದವನು ಅವನೇ ಅಲ್ಲವೆ? ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗುವ ಮುಂಚೆ ಒಮ್ಮೆ ಬಗ್ಗಿ ನೋಡಿದಳು.

ಮೆನು ತಲೆಕೆಳಗಾಗಿತ್ತು. ಅವನು ಕೂತಲ್ಲೇ ನಿದ್ದೆ ಹೋಗಿದ್ದ.

ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದವಳು. ತನಗೇ ಗೊತ್ತಿಲ್ಲದೆ ಅವನ ಉಸಿರು ಎಣಿಸಿದಳು. ನಿಮಿಷಕ್ಕೆ ಹದಿನಾಲ್ಕು. ಒಳ್ಳೆಯ, ಆಳವಾದ ನಿದ್ದೆ. ಅವಳು ಬ್ಯಾಗು ಪಕ್ಕಕ್ಕಿಟ್ಟು, ಚಪ್ಪಲಿಯೊಳಗಿಂದ ಊದಿದ ಕಾಲನ್ನು ಅರ್ಧ ಹೊರಗೆ ತೆಗೆದು, ಸುಮ್ಮನೆ ಕೂತಳು.

ಅವನು ಅವಳ ಆಸ್ಪತ್ರೆಯ ಲಿಫ್ಟ್ ಮೆಕ್ಯಾನಿಕ್. ಎಂಟು ತಿಂಗಳಿಂದ ಇಬ್ಬರ ಮಾತುಕತೆಯೆಲ್ಲ ತೆರೆದ ಲಿಫ್ಟ್ ಬಾಗಿಲಿನ ಮುಂದೆ, ಎರಡೆರಡು ನಿಮಿಷ. "ತಿಂಡಿ ಆಯ್ತಾ ಸಿಸ್ಟರ್?" "ಆಯ್ತು. ನಿಮ್ದು?" ಅಷ್ಟೇ. ಆದರೆ ಆ ಎರಡು ನಿಮಿಷಕ್ಕಾಗಿ ಅವಳು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಳು.

ಶನಿವಾರ ಅವಳು ಅವನಿಗೆ ವಿಷಯ ಹೇಳಿದ್ದಳು. ಬೇರೆ ಊರಿನಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದ್ದಾರೆ, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಅಲ್ಲಿಗೆ ಹೆಡ್ ನರ್ಸ್ ಆಗಿ ಹೋಗುತ್ತಾಳೋ ಇಲ್ಲವೋ ಎಂದು ಗುರುವಾರ ಬೆಳಿಗ್ಗೆ ಹತ್ತರೊಳಗೆ ಬರೆದುಕೊಡಬೇಕು. ಅವನು ಬಾಯಲ್ಲಿ ಕಚ್ಚಿದ್ದ ಸ್ಕ್ರೂಡ್ರೈವರ್ ತೆಗೆದು, ಬಹಳ ಹೊತ್ತು ಅದನ್ನೇ ನೋಡಿ, "ಬುಧವಾರ ಸಂಜೆ ಊಟಕ್ಕೆ ಬರ್ತೀರಾ?" ಎಂದಿದ್ದ.

ಇವತ್ತು ಬುಧವಾರ. ಹೋಗಬೇಡ ಅನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗಂದರೆ ತನಗೆ ಸಿಟ್ಟು ಬರುತ್ತದೆ, ಅನ್ನದಿದ್ದರೆ ನೋವಾಗುತ್ತದೆ ಎಂದೂ ಗೊತ್ತಿತ್ತು. ನಲವತ್ತಮೂರನೆಯ ವಯಸ್ಸಿನಲ್ಲಿ ಮನುಷ್ಯರಿಗೆ ತಮ್ಮ ಬಗ್ಗೆ ಇಷ್ಟಾದರೂ ಗೊತ್ತಿರುತ್ತದೆ.

ಈಗ ಅವನು ಏನೂ ಅನ್ನುವ ಹಾಗಿರಲಿಲ್ಲ. ಮೊದಲ ಸಲ ಅವನನ್ನು ಕಣ್ತುಂಬ ನೋಡಿದಳು. ಕಿವಿಯ ಹಿಂದೆ ಒಂದು ಗೀಟು ಗ್ರೀಸ್. ಹೊಸ ಅಂಗಿ, ಪೊಟ್ಟಣದಿಂದ ಬಿಚ್ಚಿದ ಮಡಿಕೆ ಹಾಗೇ ಇದೆ. ಕಾಲರಿನಲ್ಲಿ ಅಂಗಡಿಯವರ ಗುಂಡುಪಿನ್ನು ಕೂಡ! ಕತ್ತು ಹೊರಳಿಸಿದರೆ ಚುಚ್ಚುವುದು ಖಂಡಿತ. ಅವಳು ಎದ್ದು, ಮಗುವಿನ ಕೈಯಿಂದ ಸೂಜಿ ತೆಗೆಯುವಷ್ಟು ಹಗುರಾಗಿ, ಪಿನ್ನನ್ನು ಎಳೆದುಕೊಂಡಳು. ಅವನು ಮಿಸುಕಲಿಲ್ಲ. ಅವಳ ಬೆರಳು ಮಾತ್ರ ಕಾಲರಿನ ಮೇಲೆ ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚಿಗೆ ನಿಂತಿತು.

"ಕುಡಿದಿದ್ದಾನಾ?" ಹಿಂದಿನಿಂದ ದನಿ ಬಂತು. ಹೋಟೆಲಿನ ಒಡತಿ, ಎಪ್ಪತ್ತು ದಾಟಿದ ಚೀನೀ ಅಜ್ಜಿ, ಹೊಗೆಯಾಡುವ ದೊಡ್ಡ ತಟ್ಟೆ ಹಿಡಿದು ನಿಂತಿದ್ದಳು.

"ಇಲ್ಲಜ್ಜಿ. ಸುಸ್ತು."

ಅಜ್ಜಿ ಮೇಜಿನ ನಡುವಿನ ತಿರುಗುವ ಗಾಜಿನ ಹಲಗೆಯ ಮೇಲೆ ತಟ್ಟೆ ಇಟ್ಟಳು. ಆವಿಯಲ್ಲಿ ಬೆಂದ ಇಡೀ ಮೀನು, ಮೇಲೆ ಶುಂಠಿ, ಈರುಳ್ಳಿ ಸೊಪ್ಪು. ಗಾಜನ್ನು ಅಳತೆ ನೋಡಿ ತಿರುಗಿಸಿ, ಮೀನಿನ ತಲೆ ಸರಿಯಾಗಿ ಅವಳ ಕಡೆ ಬರುವಂತೆ ಮಾಡಿದಳು.

"ನಮ್ಮಲ್ಲಿ ತಲೆ ಯಾರ ಕಡೆಗಿರುತ್ತೋ ಅವರೇ ದೊಡ್ಡ ಅತಿಥಿ. ಅವರು ಮೊದಲು ತಿನ್ನಬೇಕು. ಅಲ್ಲೀವರೆಗೂ ಬೇರೆಯವರು ಮುಟ್ಟೋ ಹಾಗಿಲ್ಲ."

"ಹಂಗಾದ್ರೆ ಅವರ ಕಡೆ ಇರ್ಲಿ. ನನಗಿಂತ ದಣಿದಿದ್ದಾರೆ." ಅವಳು ಗಾಜನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದಳು.

ಅಜ್ಜಿ ಅದನ್ನು ಮತ್ತೆ ಅವಳ ಕಡೆಗೇ ತಿರುಗಿಸಿದಳು. "ಮುಟ್ಟಬೇಡಮ್ಮ. ಭಾನುವಾರ ಬಂದು ಮೇಜು ನೋಡ್ಕೊಂಡು ಹೋದ. ಸೋಮವಾರ ಬಂದು ಮೀನು ಆರಿಸಿದ. ನಿನ್ನೆ ಫೋನ್ ಮಾಡಿ, ತಲೆ ಅವರ ಕಡೆಗೇ ಇಡ್ತೀರಿ ತಾನೆ ಅಂತ ಕೇಳಿದ. ಯಾರಪ್ಪಾ ಅವರು ಅಂದೆ. ಸಿಸ್ಟರ್ ಅಂದ! ಇದ್ಯಾವ ಸೀಮೆ ಸಿಸ್ಟರ್ ಅಂತ ನಾನು ಬೆಳಿಗ್ಗೆಯಿಂದ ಕಾಯ್ತಿದ್ದೀನಿ."

ಅವಳಿಗೆ ನಗು ಬಂತು. ಗಾಜಿನ ಮೇಲಿಂದ ಕೈ ತೆಗೆದಳು.

"ಎಬ್ಬಿಸು. ಆರಿದ್ರೆ ಮೀನು ಕೆಡುತ್ತೆ."

"ಬೇಡಜ್ಜಿ, ಮಲಗ್ಲಿ."

"ನೀನಾದ್ರೂ ತಿನ್ನು."

"ಅವರು ಎದ್ಮೇಲೆ."

ಅಜ್ಜಿ ತನ್ನ ಭಾಷೆಯಲ್ಲಿ ಏನೋ ಗೊಣಗಿಕೊಂಡು ಅಡುಗೆಮನೆಗೆ ಹೋದಳು. ಎದುರಿನ ದೊಡ್ಡ ಮೇಜಿಗೆ ಒಂದು ಸಂಸಾರ ಬಂತು, ಉಂಡಿತು, ಹೋಯಿತು. ಮೀನಿನ ಮೇಲಿನ ಹೊಗೆ ನಿಂತಿತು. ಅವಳು ಟೀ ಕುಡಿಯುತ್ತ ಒಬ್ಬ ಮನುಷ್ಯ ಮಲಗಿದ್ದನ್ನು ನೋಡುತ್ತ ಕೂತಳು. ಎಷ್ಟೋ ತಿಂಗಳ ಮೇಲೆ ಮೈ ಸಡಿಲವಾಗಿತ್ತು.

ಮುಕ್ಕಾಲು ಗಂಟೆಯ ನಂತರ ಅವನು "ಬಾಗಿಲು ಬಿಡಿ, ಬಾಗಿಲು ಬಿಡಿ" ಎನ್ನುತ್ತ ಬೆಚ್ಚಿ ಕಣ್ಣು ಬಿಟ್ಟ. ಅವಳನ್ನು ನೋಡಿದ. ಮೀನು ನೋಡಿದ. ಮುಖ ಬಿಳಿಚಿಕೊಂಡಿತು.

"ಎಷ್ಟು ಹೊತ್ತಾಯ್ತು ನೀವು ಬಂದು?"

"ಈಗ ತಾನೇ."

"ಮೀನು ಆರಿದೆ."

"ಬಂದಾಗ್ಲೇ ಆರಿತ್ತು."

"ಎಬ್ಬಿಸಬಾರದಿತ್ತಾ ಸಿಸ್ಟರ್?"

"ಇಪ್ಪತ್ತು ವರ್ಷದಿಂದ ನಸುಕಿನಲ್ಲಿ ಜನರನ್ನ ಎಬ್ಬಿಸಿ ಇಂಜೆಕ್ಷನ್ ಕೊಟ್ಟಿದ್ದೀನಿ. ಒಬ್ಬರನ್ನಾದ್ರೂ ಮಲಗೋಕೆ ಬಿಡ್ಬೇಕು ಅನ್ನಿಸ್ತು." ಅವಳು ಟೀ ಬಗ್ಗಿಸಿದಳು. "ಯಾಕಿಷ್ಟು ಸುಸ್ತು?"

ಅವನು ಮೆನು ನೆಟ್ಟಗೆ ಮಾಡಿಟ್ಟ. ಅವಳು ರೋಗಿಗಳನ್ನು ನೋಡುವ ಹಾಗೆ ನೋಡಿದಳು. ಆಗ ಬಾಯಿ ಬಿಟ್ಟ. ಬುಧವಾರದ ಸಂಜೆಗೆ ರಜೆ ಸಿಗಲಿಲ್ಲ. ಜೊತೆಗಾರನ ಎರಡು ಪಾಳಿ ತಾನು ಮಾಡಿ, ಈ ಒಂದು ಪಾಳಿ ಅವನಿಗೆ ದಾಟಿಸಿದ್ದ. ಎರಡು ದಿನ ಕಣ್ಣು ಮುಚ್ಚಿರಲಿಲ್ಲ.

"ಅದಕ್ಕಿಂತ ದೊಡ್ಡದು ಇನ್ನೊಂದಿದೆ" ಎಂದ. "ನಿಮಗೆ ಹೇಳ್ಬೇಕಾದ್ದನ್ನ ಬಾಯಿಪಾಠ ಮಾಡ್ಕೊಂಡಿದ್ದೆ. ಎಲ್ಲ ಮರೆತುಹೋಯ್ತು."

"ನೆನಪಿರೋಷ್ಟು ಹೇಳಿ."

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಳು. ಈಗ ಬರುತ್ತದೆ, ಹೋಗಬೇಡ ಅನ್ನುವ ಮಾತು.

"ಹೋಗಿ" ಎಂದ ಅವನು.

ಅವಳು ಬಟ್ಟಲನ್ನು ಕೆಳಗಿಟ್ಟಳು.

"ಆ ಕೆಲಸ ನಿಮ್ಮದೇ. ಬೇರೆಯವರಿಗೆ ಕೊಟ್ರೆ ಅನ್ಯಾಯ. ಹೋಗ್ಬೇಡಿ ಅಂತ ನಾನ್ಯಾಕೆ ಹೇಳ್ಲಿ? ಅದಲ್ಲ ನಾನು ಹೇಳೋಕೆ ಬಂದಿದ್ದು." ಅವನು ಕಣ್ಣು ಉಜ್ಜಿಕೊಂಡ. "ಆ ಊರಲ್ಲೂ ಲಿಫ್ಟ್ ಕೆಡ್ತಾವಲ್ಲ ಅಂತ."

ಅವಳಿಗೆ ತಕ್ಷಣ ಅರ್ಥವಾಯಿತು. ಆದರೂ ಇನ್ನೊಮ್ಮೆ ಕೇಳಬೇಕೆಂಬ ಆಸೆ. "ಅಂದ್ರೆ?"

"ಅಂದ್ರೆ, ನೀವು ಬೇಡ ಅನ್ನದಿದ್ರೆ ನಾನೂ ಬರ್ತೀನಿ. ಸಿಸ್ಟರ್ ಅಂತ ಕರೆಯೋದನ್ನೂ ಬಿಡ್ತೀನಿ. ಗೊರಕೆ ಹೊಡೀತೀನಿ, ಅದೊಂದು ಬಿಡೋಕಾಗಲ್ಲ."

"ಗೊತ್ತಾಯ್ತು. ಎದುರಿನ ಮೇಜಿನವರಿಗೂ ಗೊತ್ತಾಯ್ತು."

ಅವನ ಕಿವಿಗಳು ಕೆಂಪಾದವು. ಅವಳು ಚೀನೀ ಊಟದ ಕಡ್ಡಿಗಳನ್ನು ಬದಿಗೊತ್ತಿ ಚಮಚ ತೆಗೆದುಕೊಂಡು, ಮೀನಿನ ಕೆನ್ನೆಯ ಮೆತ್ತನೆಯ ತುಂಡನ್ನು ಬಿಡಿಸಿ ಬಾಯಿಗಿಟ್ಟಳು. ತಣ್ಣಗಿತ್ತು. ರುಚಿಯಾಗಿತ್ತು. ಮುಂದಿನ ತುಂಡನ್ನು ಅವನ ಬಟ್ಟಲಿಗೆ ಹಾಕಿದಳು. ಇಬ್ಬರಿಗೂ ಎಷ್ಟು ಹಸಿವಾಗಿತ್ತೆಂದರೆ ಸ್ವಲ್ಪ ಹೊತ್ತು ಪ್ರೀತಿ ಗೀತಿ ಎಲ್ಲ ಪಕ್ಕಕ್ಕೆ ಸರಿದು ನಿಂತಿತು.

ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಾಗ ಅವಳು ಹೇಳಿದಳು: "ನಾಳೆ ಕೊಡೋ ಫಾರ್ಮ್‌ನಲ್ಲಿ ಕೊನೇ ಸಾಲು ಖಾಲಿ ಬಿಟ್ಟಿದ್ದೆ. ಕ್ವಾರ್ಟರ್ಸ್ ಒಬ್ಬರಿಗೋ ಇಬ್ಬರಿಗೋ ಅಂತ ಕೇಳಿದ್ದಾರೆ."

ಅವನು ಅಗಿಯುವುದನ್ನು ನಿಲ್ಲಿಸಿದ.

"ಇಬ್ಬರಿಗೆ ಅಂತ ಬರೀತೀನಿ" ಎಂದಳು.

ಬಾಯಲ್ಲಿದ್ದದ್ದನ್ನು ನುಂಗಿದ. ಆಮೇಲೆ, ಅವನಿಗೆ ಬರುವುದೇ ಅದೊಂದು ಪ್ರಶ್ನೆ ಎಂಬಂತೆ, ಮೆಲ್ಲಗೆ ಕೇಳಿದ: "ಯಾವ ಮಹಡಿ?"

"ನೆಲಮಹಡಿಯದ್ದೇ ಕೇಳ್ತೀನಿ. ಮನೆಗೆ ಬರುವಾಗಾದ್ರೂ ನೀವು ಲಿಫ್ಟ್ ಮುಟ್ಟೋದು ಬೇಡ."